ಘಟಪ್ರಭೆಯ ಸೀಮೆಯ ನಿತ್ಯದ ಪ್ರಶ್ನೆಗಳು



ಒಂದು ಸೀಮೆಯನ್ನು ಕುರಿತು ಮಾತನಾಡುವಾಗ ಅಲ್ಲಿಯ ನೋಟಗಳನ್ನು ವರ್ಣಿಸುವುದು ವಾಡಿಕೆ. ಗೋಕಾಕದ ಜಲಪಾತವನ್ನೂ, ಅಲ್ಲಿಯ ಕರದಂಟನ್ನೂ, ಮರದ ಬೊಂಬೆಗಳನ್ನೂ, ಹುಕ್ಕೇರಿಯ ಗುಮ್ಮಟಗಳನ್ನೂ ಬಲ್ಲವರು ನಾಡಿನಲ್ಲೆಲ್ಲ ಉಂಟು. ಆದರೆ ಆ ಊರುಗಳಲ್ಲಿ ಬಾಳತಕ್ಕ ಜನರ ಮನಸ್ಸನ್ನು ದಿನವೂ ಕಾಡುವುವು ಬೇರೆ ಸಂಗತಿಗಳು. ಹೊಳೆ ಎಷ್ಟು ಏರಿತು, ದೀಪ ಎಷ್ಟು ಹೊತ್ತು ಉರಿಯಿತು, ಕಬ್ಬು ಎಷ್ಟು ತೂಗಿತು, ಕಚೇರಿ ಎಷ್ಟು ದೂರ—ಈ ನಾಲ್ಕೇ ಅವರ ಮಾತಿನ ಬಹುಭಾಗ. ಗೋಕಾಕ, ಹುಕ್ಕೇರಿ, ಮೂಡಲಗಿ ಎಂಬ ಮೂರು ತಾಲ್ಲೂಕುಗಳನ್ನು ಕಣ್ಣ ಮುಂದಿಟ್ಟುಕೊಂಡು ಈ ನಾಲ್ಕು ಸಂಗತಿಗಳನ್ನು ಈಗ ವಿಚಾರಮಾಡೋಣ.

ಮೊದಲು ಹೊಳೆಯ ಮಾತು. ಸಹ್ಯಾದ್ರಿಯಲ್ಲಿ ಹುಟ್ಟಿದ ಘಟಪ್ರಭೆಯು ೨೮೩ ಕಿಲೋಮೀಟರು ಹರಿದು ಕೃಷ್ಣೆಯನ್ನು ಸೇರುತ್ತದೆ. ಗೋಕಾಕದ ಬಳಿ ಸುಮಾರು ೫೨ ಮೀಟರು ಎತ್ತರದಿಂದ ಧುಮುಕುತ್ತದೆ. ಈ ನೀರಿನ ರಭಸವನ್ನು ದುಡಿಮೆಗೆ ಹೂಡಿ ನೂಲಿನ ಗಿರಣಿಯನ್ನು ನಡೆಯಿಸುವುದಕ್ಕಾಗಿ ೧೮೮೫ರಷ್ಟು ಹಿಂದೆಯೇ ಅಲ್ಲಿ ಕಂಪೆನಿ ಸ್ಥಾಪಿತವಾಯಿತು. ಬಳಿಕ ಹುಕ್ಕೇರಿ ತಾಲ್ಲೂಕಿನ ಹಿಡಕಲ್ಲಿನಲ್ಲಿ ೫೧ ಶತಕೋಟಿ ಘನ ಅಡಿ ನೀರು ಹಿಡಿಯುವ ಜಲಾಶಯವು ಕಟ್ಟಲ್ಪಟ್ಟು, ರಾಜಾ ಲಖಮಗೌಡರ ಹೆಸರನ್ನು ಪಡೆಯಿತು. ಅದರ ಕಾಲುವೆಗಳಿಂದ ಎಷ್ಟೋ ಒಣಭೂಮಿ ಹಸುರಾದುದು ನಿಜ. ಆ ಹಸುರಿಗಾಗಿ ಕೆಲವರು ತಮ್ಮ ಊರನ್ನೇ ಕೊಟ್ಟರೆಂಬುದೂ ಅಷ್ಟೇ ನಿಜ. ಬೇಸಗೆಯಲ್ಲಿ ನೀರು ಇಳಿದಾಗ ಹುನ್ನೂರಿನ ವಿಠ್ಠಲ ದೇವಾಲಯವು ಜಲಾಶಯದ ನಡುವೆ ತಲೆಯೆತ್ತಿ ನಿಲ್ಲುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಣೆಕಟ್ಟು ಇದ್ದಮೇಲೆ ಪ್ರವಾಹದ ಭಯವಿಲ್ಲವೆಂದು ದೂರದವರು ತಿಳಿಯಬಹುದು. ವಾಸ್ತವವು ಹಾಗಿಲ್ಲ. ಹಿರಣ್ಯಕೇಶಿಯು ಆಂಬೋಲಿಯ ಘಟ್ಟದಿಂದ ಇಳಿದು ಸಂಕೇಶ್ವರದ ಮಗ್ಗುಲಲ್ಲಿ ಹಾಯ್ದು, ಜಲಾಶಯದಿಂದ ಕೆಳಗೆ ಘಟಪ್ರಭೆಯನ್ನು ಕೂಡುತ್ತದೆ. ಮಾರ್ಕಂಡೇಯವು ಗೋಕಾಕದ ಹತ್ತಿರ ಬಂದು ಕೂಡುತ್ತದೆ. ಹಿಡಕಲ್ಲಿನ ಬಾಗಿಲುಗಳನ್ನು ಮುಚ್ಚಿದರೂ ಈ ಎರಡು ಹೊಳೆಗಳ ನೀರನ್ನು ಅಲ್ಲಿಂದ ತಡೆಯಲಾಗದು. ಮೂರರ ನೀರೂ ಒಂದೇ ಹೊತ್ತಿಗೆ ಬಂದರೆ ಗೋಕಾಕದ ತಗ್ಗಿನ ಓಣಿಗಳಿಗೆ ಉಳಿಗಾಲವಿಲ್ಲ. ೨೦೧೯ರ ಆಗಸ್ಟ್ ತಿಂಗಳಲ್ಲಿ ಆದದ್ದು ಇದೇ. ಲೋಳಸೂರಿನ ಸೇತುವೆಯು ಮುಳುಗಿತು. ಊರೊಳಗೆ ನೀರು ನುಗ್ಗಿ ಮನೆಗಳನ್ನೂ ಅಂಗಡಿಗಳನ್ನೂ ತುಂಬಿತು. ೨೦೨೧ರ ಜುಲೈಯಲ್ಲಿಯೂ ೨೦೨೪ರ ಜುಲೈಯಲ್ಲಿಯೂ ಆ ಸೇತುವೆಯು ನೀರಿನ ಕೆಳಗಾಯಿತು.

ಇಲ್ಲಿ ಇನ್ನೊಂದು ಇಕ್ಕಟ್ಟುಂಟು. ಬೇಸಗೆಯ ಬೆಳೆಯನ್ನು ನೆನೆದು ಮಳೆಗಾಲದಲ್ಲಿ ಜಲಾಶಯವನ್ನು ಬೇಗನೆ ತುಂಬಿಸಿಕೊಳ್ಳಬೇಕೆಂಬುದು ಕಾಲುವೆಯ ಕಡೆಯ ರೈತನ ಬಯಕೆ. ಆಗಸ್ಟ್ ತಿಂಗಳು ದಾಟುವವರೆಗೆ ಅದರಲ್ಲಿ ಸ್ವಲ್ಪ ತೆರಪು ಇರಬೇಕೆಂಬುದು ಹೊಳೆದಂಡೆಯ ನಿವಾಸಿಯ ಪ್ರಾರ್ಥನೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತೆಂಬಂತೆ ಆಗುತ್ತದೆ. ಇಬ್ಬರ ಮಾತಿನಲ್ಲಿಯೂ ನ್ಯಾಯವಿರುವುದರಿಂದ, ಯಾವ ತಿಂಗಳಲ್ಲಿ ಎಷ್ಟು ತೆರಪು ಎಂಬ ನಿಯಮವನ್ನು ಮುಂಚಿತವಾಗಿ ಗೊತ್ತುಮಾಡಿ ಊರೂರಿಗೆ ತಿಳಿಸುವುದೇ ಯೋಗ್ಯವಾದ ದಾರಿ. ಹಿಡಕಲ್ಲಿನಲ್ಲಿ ಇಷ್ಟು ನೀರು ಬಿಟ್ಟರೆ ಯಾವ ಓಣಿಗೆ ಎಷ್ಟು ಹೊತ್ತಿನಲ್ಲಿ ಎಲ್ಲಿಯವರೆಗೆ ಬರುವುದೆಂಬುದನ್ನು ಗೋಡೆಯ ಮೇಲೆ ಗುರುತುಮಾಡಿದರೆ, ಓದು ಬಾರದವರಿಗೂ ತಿಳಿಯುತ್ತದೆ. ಮನೆ ಕಳೆದುಕೊಂಡವರಿಗೆ ಎತ್ತರದ ನೆಲದಲ್ಲಿ ನಿವೇಶನ ಕೊಡುವುದಾದರೆ, ಅದು ಅವರ ದುಡಿಮೆಯ ಜಾಗಕ್ಕೆ ಹತ್ತಿರದಲ್ಲಿರಬೇಕು. ಇಲ್ಲವಾದರೆ ಹೊಸ ಮನೆಗೆ ಬೀಗ ಹಾಕಿ ಅವರು ಹಳೆಯ ಓಣಿಗೇ ಹಿಂತಿರುಗುವರು.

ಎರಡನೆಯದು ಬೆಳಕಿನ ಮಾತು. ಇದರಲ್ಲಿ ಹುಕ್ಕೇರಿಯ ಜನರು ನಾಡಿಗೆ ಮೇಲ್ಪಂಕ್ತಿಯಾದ ಒಂದು ಕೆಲಸವನ್ನು ಮಾಡಿದ್ದಾರೆ. ೧೯೬೯ರಲ್ಲಿ ಅಲ್ಲಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘವು ಸ್ಥಾಪಿತವಾಯಿತು. ಅಪ್ಪಣ್ಣಗೌಡ ಪಾಟೀಲರಂತಹ ಸಹಕಾರಿ ಧುರೀಣರು ಅದಕ್ಕೆ ನೆಲೆ ಹಾಕಿದರು. ಭಾರತದಲ್ಲಿ ಪರೀಕ್ಷಾರ್ಥವಾಗಿ ಮೊದಲು ಏರ್ಪಟ್ಟ ಐದು ಸಂಘಗಳಲ್ಲಿ ಇದೂ ಒಂದು. ಸಂಘವು ವಿದ್ಯುತ್ತನ್ನು ಸಗಟಾಗಿ ಕೊಂಡು, ತಾಲ್ಲೂಕಿನ ಮನೆಗಳಿಗೂ ಅಂಗಡಿಗಳಿಗೂ ಹೊಲದ ಪಂಪುಗಳಿಗೂ ಹಂಚುತ್ತದೆ. ದೀಪ ಉರಿಸುವವನೇ ಇಲ್ಲಿ ಸಂಘದ ಸದಸ್ಯನು. ಆಡಳಿತ ಮಂಡಲಿಯನ್ನು ಚುನಾಯಿಸತಕ್ಕವನೂ ಅವನೇ. ತಂತಿ ಹರಿದರೆ ದೂರು ಕೊಡಲು ಪರಸ್ಥಳದ ದೊಡ್ಡ ಕಚೇರಿಯನ್ನು ಹುಡುಕಬೇಕಾಗಿಲ್ಲ.

ಆದರೆ ಒಡೆತನವಿದ್ದಲ್ಲಿ ಹೊಣೆಯೂ ಇರುತ್ತದೆ. ಹತ್ತು ಅಶ್ವಶಕ್ತಿಯವರೆಗಿನ ಪಂಪುಗಳಿಗೆ ನಮ್ಮ ರಾಜ್ಯದಲ್ಲಿ ವಿದ್ಯುತ್ತು ಉಚಿತ. ಅದರ ಬೆಲೆಯನ್ನು ಸರ್ಕಾರವು ಸಹಾಯಧನವಾಗಿ ತುಂಬಿಕೊಡಬೇಕು. ಆ ಹಣವು ತಡವಾದರೆ, ಸಂಘವು ತಾನು ಕೊಂಡ ವಿದ್ಯುತ್ತಿನ ಬಾಕಿಯನ್ನು ತೀರಿಸುವುದು ಕಷ್ಟವಾಗುತ್ತದೆ. ಹುಕ್ಕೇರಿಯ ಓರಗೆಯದೇ ಆದ ಮಹಾರಾಷ್ಟ್ರದ ಮುಳಾ-ಪ್ರವರಾ ಸಂಘವು ಬಾಕಿಯ ಭಾರದಲ್ಲಿ ಸಿಕ್ಕಿ, ೨೦೧೧ರಲ್ಲಿ ವಿತರಣೆಯ ಅಧಿಕಾರವನ್ನೇ ಕಳೆದುಕೊಂಡಿತು. ಆದುದರಿಂದ ಹುಕ್ಕೇರಿಯ ಸದಸ್ಯರು ಚುನಾವಣೆಯ ದಿನ ಮಾತ್ರ ಸಂಘವನ್ನು ನೆನೆದರೆ ಸಾಲದು. ವಾರ್ಷಿಕ ಸಭೆಗೆ ಹೋಗಬೇಕು. ಕೊಂಡದ್ದೆಷ್ಟು, ಹಂಚಿದ್ದೆಷ್ಟು, ನಡುವೆ ಸೋರಿದ್ದೆಷ್ಟು, ಬರಬೇಕಾದ ಬಾಕಿ ಎಷ್ಟು ಎಂಬ ನಾಲ್ಕು ಪ್ರಶ್ನೆಗಳನ್ನು ಕೇಳಬೇಕು. ಗುಂಪುಗಳ ಪೈಪೋಟಿಯಲ್ಲಿ ಈ ಲೆಕ್ಕವು ಮರೆತುಹೋದರೆ, ಹಿರಿಯರು ಕಟ್ಟಿಕೊಟ್ಟ ಮನೆಯನ್ನು ನಾವೇ ಕೆಡವಿದಂತೆ.

ಮೂರನೆಯದು ಕಬ್ಬು. ಮೂಡಲಗಿಯ ಸುತ್ತಿನ ಕರಿಯ ನೆಲದಲ್ಲಿ ಕಾಲುವೆ ಬಂದಂದಿನಿಂದ ಕಬ್ಬಿಗೆ ಅಗ್ರಸ್ಥಾನ. ೨೦೨೫ರ ಅಕ್ಟೋಬರ್ ಕೊನೆಯಲ್ಲಿ ಈ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ರೈತರು ಧರಣಿ ಕುಳಿತು, ಟನ್ನಿಗೆ ೩,೫೦೦ ರೂಪಾಯಿ ಬೆಲೆಯನ್ನು ಕೇಳಿದರು. ನವೆಂಬರ್ ೭ರಂದು ೩,೩೦೦ ರೂಪಾಯಿ ಎಂದು ಸರ್ಕಾರವು ತೀರ್ಮಾನ ಹೇಳಿತು. ಹೊರಗಿನವರಿಗೆ ಇದು ಇನ್ನೂರು ರೂಪಾಯಿಯ ಜಗಳವಾಗಿ ಕಂಡಿರಬಹುದು. ಮೂಲವು ಇನ್ನೂ ಆಳದಲ್ಲಿದೆ.

ಕೇಂದ್ರ ಸರ್ಕಾರವು ೨೦೨೫-೨೬ರ ಹಂಗಾಮಿಗೆ ಗೊತ್ತುಮಾಡಿದ ಬೆಲೆಯು ಟನ್ನಿಗೆ ೩,೫೫೦ ರೂಪಾಯಿ. ಇದು ಸಕ್ಕರೆಯ ಇಳುವರಿ ಶೇಕಡಾ ೧೦.೨೫ ಇದ್ದಾಗ ಸಲ್ಲತಕ್ಕದ್ದು. ಇಳುವರಿ ಅದಕ್ಕಿಂತ ಹೆಚ್ಚಿದರೆ, ಹೆಚ್ಚಿದ ಪ್ರತಿ ೦.೧ಕ್ಕೆ ಕ್ವಿಂಟಲಿಗೆ ೩.೪೬ ರೂಪಾಯಿ ಹೆಚ್ಚು. ಬಂದ ಬೆಲೆಯಲ್ಲಿ ಕಟಾವಿನ ಮತ್ತು ಸಾಗಾಟದ ಖರ್ಚನ್ನು ಕಳೆದು ಉಳಿದದ್ದು ರೈತನಿಗೆ. ಈ ಲೆಕ್ಕದಲ್ಲಿ ತೂಕವಾಗುವುದು ಕಾರ್ಖಾನೆಯ ಕಾಟಾದ ಮೇಲೆ. ಇಳುವರಿ ತಿಳಿಯುವುದು ಕಾರ್ಖಾನೆಯ ಒಳಗೆ. ಕಟಾವಿನ ಖರ್ಚನ್ನು ಬರೆಯುವುದು ಕಾರ್ಖಾನೆಯ ಪುಸ್ತಕದಲ್ಲಿ. ಇಳುವರಿ ಶೇಕಡಾ ಒಂದರಷ್ಟು ಏರಿದರೆ ಟನ್ನಿಗೆ ೩೪೬ ರೂಪಾಯಿಯ ಅಂತರ ಬೀಳುತ್ತದೆ. ಐವತ್ತು ಟನ್ನು ಬೆಳೆದವನಿಗೆ ಅದು ೧೭,೩೦೦ ರೂಪಾಯಿ, ಎಂದರೆ ಮಕ್ಕಳ ಒಂದು ವರ್ಷದ ಓದಿನ ಖರ್ಚು. ಕಾರ್ಖಾನೆಯವರೆಲ್ಲರೂ ಮೋಸಗಾರರೆಂದು ನಾವು ಹೇಳುವುದಿಲ್ಲ. ಸಕ್ಕರೆಯ ಮಾರಾಟದ ಬೆಲೆಯೂ ರಫ್ತಿನ ಅಪ್ಪಣೆಯೂ ಅವರ ಕೈಯಲ್ಲಿಲ್ಲವೆಂಬುದನ್ನೂ ಬಲ್ಲೆವು. ಆದರೆ ಕೊಳ್ಳುವವನೇ ತೂಗುವಲ್ಲಿ ಮಾರುವವನಿಗೆ ಸಂಶಯ ಹುಟ್ಟುವುದು ಸಹಜ. ಮೂರನೆಯವರ ಕಾಟಾ, ಮೂರನೆಯವರ ಪರೀಕ್ಷೆ, ದಿನದ ಇಳುವರಿಯನ್ನು ಕಾರ್ಖಾನೆಯ ಬಾಗಿಲಲ್ಲಿ ಬರೆದು ಹಾಕುವ ಕ್ರಮ—ಇವು ಬಂದರೆ ಬೆಲೆಯ ಜಗಳವು ಅರ್ಧಕ್ಕರ್ಧ ಶಮನವಾಗುವುದು.

ಕೊನೆಯದು ಕಚೇರಿಯ ದೂರ. ೧೯೫೬ರ ನವೆಂಬರ್ ೧ರಂದು ಬೆಳಗಾವಿ ಜಿಲ್ಲೆಯು ಮುಂಬಯಿ ರಾಜ್ಯವನ್ನು ಬಿಟ್ಟು ಕನ್ನಡ ನಾಡಿನಲ್ಲಿ ಸೇರಿತು. ಇದು ೧೩,೪೧೫ ಚದರ ಕಿಲೋಮೀಟರಿನ ಜಿಲ್ಲೆ. ವಿಸ್ತಾರದಲ್ಲಿ ರಾಜ್ಯಕ್ಕೇ ದೊಡ್ಡದು. ೨೦೧೧ರ ಗಣತಿಯಲ್ಲಿ ಇಲ್ಲಿಯ ಜನರು ೪೭ ಲಕ್ಷ ೭೯ ಸಾವಿರಕ್ಕೂ ಮಿಕ್ಕಿದ್ದರು. ಗೋಕಾಕ ತಾಲ್ಲೂಕಿನಲ್ಲಿದ್ದ ಮೂಡಲಗಿಯು ೨೦೧೮ರಲ್ಲಿ ತಾನೇ ತಾಲ್ಲೂಕಾಯಿತು. ಉತಾರ ಪಡೆಯುವುದಕ್ಕೂ ವಾರಸಾ ದಾಖಲೆಗೂ ಗೋಕಾಕಕ್ಕೆ ಅಲೆಯುತ್ತಿದ್ದವರಿಗೆ ಅದರಿಂದ ಸಮಾಧಾನವಾಯಿತು. ಆದರೆ ಜಿಲ್ಲಾ ಕಚೇರಿಯ ಕೆಲಸವಿದ್ದರೆ ಕೂಲಿಯವನು ಒಂದು ದಿನದ ಕೂಲಿಯನ್ನೂ ಬಸ್ಸಿನ ಖರ್ಚನ್ನೂ ಕಳೆದುಕೊಂಡು ಬೆಳಗಾವಿಗೆ ಹೋಗಬೇಕು. ಸಾಹೇಬರು ಸಭೆಯಲ್ಲಿದ್ದರೆ ಮರುದಿನವೂ ಹೋಗಬೇಕು.

ಗೋಕಾಕವನ್ನೂ ಚಿಕ್ಕೋಡಿಯನ್ನೂ ಜಿಲ್ಲೆಗಳನ್ನಾಗಿ ಮಾಡುವೆವೆಂದು ೧೯೯೭ರಲ್ಲಿ ಜೆ. ಎಚ್. ಪಟೇಲರ ಸರ್ಕಾರವು ಸಾರಿ, ವಿರೋಧ ಬಂದ ಮೇಲೆ ಹಿಂದೆಗೆಯಿತು. ಜಿಲ್ಲೆಯನ್ನು ಒಡೆದರೆ ಬೆಳಗಾವಿಯಲ್ಲಿ ಕನ್ನಡದ ಬಲ ಕುಗ್ಗೀತೆಂಬ ಆತಂಕವು ಆ ವಿರೋಧದ ಹಿಂದೆ ಇತ್ತು. ೨೦೦೪ರಲ್ಲಿ ಮಹಾರಾಷ್ಟ್ರವು ಗಡಿಯ ವಿವಾದವನ್ನು ಸರ್ವೋಚ್ಚ ನ್ಯಾಯಾಲಯಕ್ಕೆ ಒಯ್ದಮೇಲೆ ಆ ಆತಂಕವು ಹೆಚ್ಚಿತು. ಈ ಮಾತನ್ನು ಹಗುರವಾಗಿ ತಳ್ಳಿಹಾಕಲಾಗದು. ಹಾಗೆಂದು ಮೂಡಲಗಿಯ ಮುದುಕಿಯು ಗಡಿಯ ಹೆಸರಿನಲ್ಲಿ ಎಂದೆಂದಿಗೂ ಬಸ್ಸಿನಲ್ಲಿ ಅಲೆಯಲೆಂದು ಹೇಳುವುದೂ ನ್ಯಾಯವಲ್ಲ. ಜಿಲ್ಲೆಯ ತೀರ್ಮಾನ ಆಗುವಾಗ ಆಗಲಿ. ಅದಕ್ಕೆ ಮುಂಚೆ ಆಗಬಹುದಾದ ಕೆಲಸ ಬಹಳ ಉಂಟು. ಗೊತ್ತಾದ ದಿನಗಳೊಳಗೆ ಸೇವೆ ಸಲ್ಲಬೇಕೆಂಬ ಸಕಾಲದ ಕಾಯಿದೆಯು ೨೦೧೧ರಲ್ಲಿಯೇ ಆಗಿದೆ. ಜಿಲ್ಲೆಯ ಅಧಿಕಾರಿಗಳು ಗೊತ್ತಾದ ವಾರದಲ್ಲಿ ತಾಲ್ಲೂಕಿಗೇ ಬಂದು ಕುಳಿತು ಅರ್ಜಿಗಳನ್ನು ಅಲ್ಲಿಯೇ ತೀರಿಸಬಹುದು. ದೇವರು ವರ ಕೊಟ್ಟರೂ ಪೂಜಾರಿ ಕೊಡನೆಂಬ ಗಾದೆಯು ಸುಳ್ಳಾಗುವವರೆಗೆ, ಹೊಸ ಜಿಲ್ಲೆಯ ಹೊಸ ಕಚೇರಿಯೂ ಹಳೆಯದರಷ್ಟೇ ದೂರವಾಗಿ ಉಳಿದೀತು.

ಈ ನಾಲ್ಕು ಸಂಗತಿಗಳನ್ನೂ ಒಟ್ಟಿಗೆ ನೋಡಿದರೆ ಒಂದು ಮಾತು ತೋರುತ್ತದೆ. ನೀರನ್ನು ಬಿಡುವ ಲೆಕ್ಕ, ವಿದ್ಯುತ್ತಿನ ಲೆಕ್ಕ, ಕಬ್ಬಿನ ಲೆಕ್ಕ, ಅರ್ಜಿಯ ಲೆಕ್ಕ—ಇವನ್ನು ಜನರಿಂದ ಮರೆಮಾಡಿದಲ್ಲಿ ಸಂಶಯವೂ ಜಗಳವೂ ಬೆಳೆಯುತ್ತವೆ. ಎದುರಿಗೆ ತೆರೆದಿಟ್ಟಲ್ಲಿ ಕಷ್ಟವಿದ್ದರೂ ವಿಶ್ವಾಸವಿರುತ್ತದೆ. ಲೆಕ್ಕವನ್ನು ತೋರಿಸುವುದು ಅಧಿಕಾರದಲ್ಲಿರುವವರ ಧರ್ಮ. ಬಿಡದೆ ಕೇಳುವುದು ನಮ್ಮ ಧರ್ಮ. ಮುಂದಿನ ಮಳೆಗಾಲವೂ ಮುಂದಿನ ಕಬ್ಬಿನ ಹಂಗಾಮೂ ಬರುವುದರೊಳಗೆ ಮೂರು ತಾಲ್ಲೂಕುಗಳ ಜನರು ತಮ್ಮ ತಮ್ಮ ಗ್ರಾಮಸಭೆಗಳಲ್ಲಿಯೂ ಸಹಕಾರ ಸಂಘಗಳಲ್ಲಿಯೂ ಈ ಪ್ರಶ್ನೆಗಳನ್ನು ಎತ್ತುವರೆಂದು ಆಶಿಸಿ, ಈ ಭಾಷಣವನ್ನು ಮುಗಿಸುತ್ತೇವೆ.