ಅಮ್ಮನ ಕೀಮೋ ನಿಲ್ಲಿಸಿಬಿಡಲಾ ಸರ್?

ಇವತ್ತು ನನ್ನದೇ ಒಂದು ತಪ್ಪಿನ ಬಗ್ಗೆ ಮಾತಾಡ್ತೀನಿ.

ಕಳೆದ ವಾರ ಬುಲೆಟಿನ್‌ನಲ್ಲಿ ಒಂದು ಸಾಲು ಓದಿದೆ: 'ಕ್ಯಾನ್ಸರ್ ಕೊಲ್ಲುವ ಗ್ಯಾಸ್ ಪತ್ತೆ!' ಇಪ್ಪತ್ತು ಸೆಕೆಂಡಿನ ಸುದ್ದಿ. ಓದಿ ಮುಂದಿನ ಸುದ್ದಿಗೆ ಹೋದೆ. ಮರುದಿನ ದಾವಣಗೆರೆಯಿಂದ ಒಬ್ಬ ಹುಡುಗನ ಫೋನ್. "ಸರ್, ಅಮ್ಮನಿಗೆ ಶ್ವಾಸಕೋಶದ ಕ್ಯಾನ್ಸರ್. ಎರಡು ಕೀಮೋ ಆಗಿದೆ, ತುಂಬಾ ಸುಸ್ತಾಗಿದ್ದಾರೆ. ಆ ಗ್ಯಾಸ್ ಎಲ್ಲಿ ಸಿಗುತ್ತೆ? ಕೀಮೋ ನಿಲ್ಲಿಸಿಬಿಡಲಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ನಾನು ಇಂಜಿನಿಯರಿಂಗ್ ಓದಿದವನು, ಡಾಕ್ಟರಲ್ಲ. "ನಾಳೆ ಹೇಳ್ತೀನಪ್ಪ" ಅಂದು ರಾತ್ರಿಯಿಡೀ ಕೂತು ಓದಿದೆ.

ನೋಡಿ, ಆ ಗ್ಯಾಸ್ ಹೊಸದೇನಲ್ಲ. ಅದರ ಹೆಸರು ನೈಟ್ರಿಕ್ ಆಕ್ಸೈಡ್. ವಾಹನದ ಹೊಗೆಯಲ್ಲೂ ಇದೆ, ನಮ್ಮ ಮೈಯೊಳಗೂ ತಯಾರಾಗುತ್ತೆ. 'ಸಡಿಲವಾಗು' ಅಂತ ರಕ್ತನಾಳಕ್ಕೆ ಸಂದೇಶ ಕೊಡೋದು ಅದೇ. ಇದನ್ನು ಬಯಲಿಗೆ ತಂದ ಫರ್ಚ್‌ಗಾಟ್, ಇಗ್ನಾರೊ, ಮುರಾದ್ ಅವರಿಗೆ 1998ರಲ್ಲಿ ನೊಬೆಲ್ ಬಂತು. ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್, ವಿಷ ಅಂತಲೇ ಹೆಸರಾದ ಕಾರ್ಬನ್ ಮೊನಾಕ್ಸೈಡ್ ಕೂಡ ಮೈಯೊಳಗೆ ಸ್ವಲ್ಪ ಸ್ವಲ್ಪ ತಯಾರಾಗಿ ಇಂಥದೇ ಕೆಲಸ ಮಾಡುತ್ತವೆ.

ಹಾಗಾದರೆ ಕ್ಯಾನ್ಸರ್? ನೈಟ್ರಿಕ್ ಆಕ್ಸೈಡ್ ಹೆಚ್ಚು ಪ್ರಮಾಣದಲ್ಲಿ ಬಿದ್ದರೆ ಗಡ್ಡೆಯ ಕೋಶ ಸಾಯಬಹುದು. ಅದೇ ಗ್ಯಾಸ್ ಸಣ್ಣಗೆ ಜಿನುಗುತ್ತಾ ಇದ್ದರೆ ಗಡ್ಡೆಗೆ ಹೊಸ ರಕ್ತನಾಳ ಬೆಳೆಯಲು ನೆರವಾಗುತ್ತೆ, ಅನ್ನ ನೀರು ಒದಗಿಸುತ್ತೆ! ಕರುಳಿನ ಕೆಲವು ಕ್ಯಾನ್ಸರ್‌ಗಳಂತೂ ಹೈಡ್ರೋಜನ್ ಸಲ್ಫೈಡನ್ನು ತಾವೇ ಹೆಚ್ಚು ತಯಾರಿಸಿಕೊಂಡು ಬೆಳೆಯುತ್ತವೆ. ಬಾಯಿಂದ ಊದಿದರೆ ಕೆಂಡ ಹೊತ್ತಿಕೊಳ್ಳುತ್ತೆ, ದೀಪ ಆರುತ್ತೆ. ಉಸಿರು ಒಂದೇ ಅಲ್ವಾ?

ಚಿಕಿತ್ಸೆಯ ಕಥೆ ಕೇಳಿ. ಎದೆನೋವಿಗೆ ಕೊಡುವ ನೈಟ್ರೋಗ್ಲಿಸರಿನ್ ಮೈಯೊಳಗೆ ನೈಟ್ರಿಕ್ ಆಕ್ಸೈಡ್ ಬಿಡುತ್ತೆ. ಜಪಾನಿನ ವೈದ್ಯರು ಶ್ವಾಸಕೋಶದ ಕ್ಯಾನ್ಸರ್ ಇದ್ದ 120 ರೋಗಿಗಳಲ್ಲಿ ಅರ್ಧದಷ್ಟು ಜನರಿಗೆ ಕೀಮೋ ಜೊತೆ ಅದರ ಪಟ್ಟಿಯನ್ನೂ ಚರ್ಮಕ್ಕೆ ಅಂಟಿಸಿದರು. 2006ರಲ್ಲಿ ಫಲಿತಾಂಶ ಬಂತು: ಪಟ್ಟಿ ಹಾಕಿದವರಲ್ಲಿ ನೂರಕ್ಕೆ 72 ಮಂದಿಗೆ ಗಡ್ಡೆ ಕುಗ್ಗಿತ್ತು, ಬರೀ ಕೀಮೋದವರಲ್ಲಿ 42 ಮಂದಿಗೆ. ಎಂಥಾ ಹೆಡ್‌ಲೈನ್! ಆಮೇಲೆ ಆಸ್ಟ್ರೇಲಿಯಾದಲ್ಲಿ 372 ರೋಗಿಗಳ ಮೇಲೆ ಇನ್ನೂ ದೊಡ್ಡ ಪ್ರಯೋಗ ನಡೆಯಿತು. 2015ರಲ್ಲಿ ಬಂದ ಉತ್ತರ: ಪಟ್ಟಿಯಿಂದ ಲಾಭವಿಲ್ಲ. ಇದು ಯಾವ ಹೆಡ್‌ಲೈನ್ ಆಯಿತು?

ಇನ್ನೊಂದು ಗಮನಿಸಿ. ಎರಡೂ ಪ್ರಯೋಗಗಳಲ್ಲಿ ಪಟ್ಟಿ ಕೊಟ್ಟಿದ್ದು ಕೀಮೋ ಜೊತೆಗೆ. ಕೀಮೋ ಬದಲಿಗೆ ಅಲ್ಲ.

ಮರುದಿನ ಆ ಹುಡುಗನಿಗೆ ಇಷ್ಟೇ ಹೇಳಿದೆ: "ಆ ಗ್ಯಾಸ್ ಎಲ್ಲೂ ಸಿಗಲ್ಲಪ್ಪ, ನಾನು ಹಾಗೆ ಓದಬಾರದಿತ್ತು. ಕೀಮೋ ನಿಲ್ಲಿಸಬೇಡ. ಅಮ್ಮನ ಸುಸ್ತಿನ ವಿಷಯ ಡಾಕ್ಟರ್‌ಗೆ ಬಿಡಿಸಿ ಹೇಳು."

ವೀಕ್ಷಕರೇ, ಮುಂದೆ ಯಾವ ಚಾನೆಲ್, ನನ್ನದೂ ಸೇರಿ, 'ಕ್ಯಾನ್ಸರ್‌ಗೆ ಮದ್ದು ಪತ್ತೆ' ಅಂದರೂ ಎರಡು ಪ್ರಶ್ನೆ ಕೇಳಿ. ಇಲಿಯ ಮೇಲೋ, ಮನುಷ್ಯರ ಮೇಲೋ? ಮನುಷ್ಯರಾದರೆ ಎಷ್ಟು ಮಂದಿ? ಉತ್ತರ ಹೇಳದಿದ್ದರೆ ಚಾನೆಲ್ ಬದಲಿಸಿ. ಚಿಕಿತ್ಸೆ ಬದಲಿಸಬೇಡಿ.