ಗುರುತಿಲ್ಲದ ಕೆರೆಯಲ್ಲಿ ಬೇಸಿಗೆಯ ಬ್ಯಾಸ್

(ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ಪ್ರಸಾರವಾದ ಭಾಷಣದ ಪಠ್ಯ)



ಬೇಸಿಗೆ ಬಂತೆಂದರೆ ನಮ್ಮ ಕೇಳುಗರಲ್ಲಿ ಹಲವರು ವಿಮಾನ ಹತ್ತುತ್ತಾರೆ. ಮಗ ಡಲ್ಲಾಸ್‌ನಲ್ಲಿ, ಮಗಳು ಅಟ್ಲಾಂಟಾದಲ್ಲಿ. ಮೂರು ತಿಂಗಳು ಇರಲಿಕ್ಕೆಂದು ಹೋಗುವ ಹಿರಿಯರು ಫೋನ್ ಮಾಡಿ, "ಇನ್ನು ಸೆಪ್ಟೆಂಬರ್‌ವರೆಗೆ ನಿಮ್ಮ ಕಾರ್ಯಕ್ರಮ ತಪ್ಪುತ್ತದೆ" ಎಂದು ಹೇಳಿ ಹೋಗುವ ಪ್ರೀತಿ ನಮಗೆ ಹೊಸದಲ್ಲ. ಈ ಸಲ ಹಾಗೆ ಹೊರಟ ಒಬ್ಬರು ಒಂದು ಪ್ರಶ್ನೆಯನ್ನೂ ಕೇಳಿದರು. "ಮಗ ಒಂದು ಶನಿವಾರ ದೋಣಿ ಬಾಡಿಗೆಗೆ ತೆಗೆದುಕೊಂಡಿದ್ದಾನೆ. ಬ್ಯಾಸ್ ಮೀನು ಹಿಡಿಯೋಣ ಅಂತಾನೆ. ನಮ್ಮೂರ ಕೆರೆಯಲ್ಲಿ ಚಿಕ್ಕಂದಿನಲ್ಲಿ ಗಾಳ ಹಾಕಿದವನು ನಾನು. ಅಲ್ಲಿಯ ಕೆರೆ ಗೊತ್ತಿಲ್ಲ, ಮೀನೂ ಗೊತ್ತಿಲ್ಲ. ಮೊಮ್ಮಗ ಜೊತೆಗಿರುತ್ತಾನೆ. ಅವನಿಗೆ ಕನ್ನಡ ಅಷ್ಟಕ್ಕಷ್ಟೆ. ಒಂದು ಮೀನಾದರೂ ಸಿಗಬೇಕಲ್ಲ?"

ಸಿಗಬೇಕು. ಅದಕ್ಕೆ ಏನು ಮಾಡಬೇಕೆಂಬುದೇ ಇಂದಿನ ಮಾತು.

ಮೊದಲು ಮೀನಿನ ಪರಿಚಯ. ಟೆಕ್ಸಾಸ್ ಕಡೆ ಸುಮ್ಮನೆ ಬ್ಯಾಸ್ ಎಂದರೆ ಹೆಚ್ಚಾಗಿ ಲಾರ್ಜ್‌ಮೌತ್ ಬ್ಯಾಸ್, ಅಂದರೆ ದೊಡ್ಡ ಬಾಯಿಯ ಬ್ಯಾಸ್. ಹಸಿರು ಮೈ, ಪಕ್ಕೆಯುದ್ದಕ್ಕೂ ಕಪ್ಪು ಪಟ್ಟಿ, ಕಣ್ಣನ್ನೂ ದಾಟಿ ಹಿಂದಕ್ಕೆ ಹೋಗುವ ಬಾಯಿ. ಸಣ್ಣ ಮೀನು, ಕಪ್ಪೆ, ಸಿಗಡಿಯನ್ನು ಹೋಲುವ ಕ್ರೇಫಿಶ್, ಎಲ್ಲವನ್ನೂ ತಿನ್ನುತ್ತದೆ. ಬೆನ್ನಟ್ಟಿ ಹಿಡಿಯುವುದಕ್ಕಿಂತ ಹೊಂಚು ಹಾಕಿ ಹಿಡಿಯುವುದೇ ಇದಕ್ಕೆ ಇಷ್ಟ. ಹೈದರಾಬಾದಿನವರು ಕೊರ್ರಮೀನು ಎನ್ನುತ್ತಾರಲ್ಲ, ಆ ಮೀನಿನ ಸ್ವಭಾವ ಬಲ್ಲವರಿಗೆ ಇದು ಬೇಗ ಅರ್ಥವಾದೀತು. ಎರಡೂ ಗಿಡಗಂಟಿಯ ಮರೆಯಲ್ಲಿ ಕಾದು ಕೂರುವ ಜಾತಿ.

ಬೇಸಿಗೆಯಲ್ಲಿ ದೊಡ್ಡ ಬ್ಯಾಸ್ ಸಿಗುವುದಿಲ್ಲ ಎಂದು ಹೇಳುವವರಿದ್ದಾರೆ. ಇದರ ವಿಶ್ವದಾಖಲೆ 1932ರ ಜೂನ್ 2ರದು. ಜಾರ್ಜಿಯಾ ರಾಜ್ಯದಲ್ಲಿ ಜಾರ್ಜ್ ಪೆರಿ ಹಿಡಿದ ಆ ಮೀನು 22 ಪೌಂಡ್ 4 ಔನ್ಸ್, ನಮ್ಮ ಲೆಕ್ಕದಲ್ಲಿ ಹತ್ತು ಕಿಲೋಗಿಂತ ಸ್ವಲ್ಪ ಹೆಚ್ಚು ತೂಗಿತು. ಅದನ್ನು ಸರಿಗಟ್ಟಿದವರು ಜಪಾನಿನ ಮನಾಬು ಕುರಿತಾ, ಬಿವಾ ಸರೋವರದಲ್ಲಿ, 2009ರ ಜುಲೈ 2ರಂದು. ಒಂದು ಜೂನ್, ಇನ್ನೊಂದು ಜುಲೈ.

ಹಾಗಾದರೆ ಕಷ್ಟ ಎಲ್ಲಿದೆ? ಕೆರೆ ದೊಡ್ಡದು, ನಮಗಿರುವುದು ಒಂದೇ ದಿನ, ಅದೂ ಬಿಸಿಲೇರುವ ತನಕ. ಡಲ್ಲಾಸ್‌ನಿಂದ ಪೂರ್ವಕ್ಕೆ ಕಾರಿನಲ್ಲಿ ಸುಮಾರು ಒಂದೂವರೆ ಗಂಟೆ ಹೋದರೆ ಲೇಕ್ ಫೋರ್ಕ್ ಎಂಬ ಜಲಾಶಯವಿದೆ. 1980ರಲ್ಲಿ ಅಣೆಕಟ್ಟು ಮುಗಿದ ಇದರ ಹರವು ಸುಮಾರು 27 ಸಾವಿರ ಎಕರೆ. ಟೆಕ್ಸಾಸ್ ರಾಜ್ಯದ ದಾಖಲೆಯ ಬ್ಯಾಸ್ 1992ರಲ್ಲಿ ಇಲ್ಲೇ ಸಿಕ್ಕಿತು. ಇಷ್ಟು ನೀರಿನ ಮುಂದೆ ನಿಂತಾಗ ಗಾಳ ಎಲ್ಲಿ ಹಾಕುವುದು?

ಬೇಸಿಗೆಯಲ್ಲಿ ಈ ಮೀನಿಗೆ ಬೇಕಾದದ್ದು ಮೂರು. ಉಸಿರಿಗೆ ಆಮ್ಲಜನಕ, ಅಡಗಲು ಮರೆ, ಹೊಟ್ಟೆಗೆ ಸಣ್ಣ ಮೀನು. ಈ ಮೂರೂ ಒಟ್ಟಿಗೆ ಇರುವ ಕಡೆಗಳನ್ನು ಮಾತ್ರ ಹುಡುಕಿದರೆ 27 ಸಾವಿರ ಎಕರೆ ಹತ್ತಾರು ಜಾಗಗಳಿಗೆ ಇಳಿಯುತ್ತದೆ.

ಮೊದಲು ಉಸಿರಿನ ವಿಷಯ. ನಮ್ಮೂರಿನ ಕೆರೆ ಬೇಸಿಗೆಯಲ್ಲಿ ಬತ್ತುತ್ತಾ ಬಂದಾಗ ಮೀನೆಲ್ಲ ತೂಬಿನ ಹತ್ತಿರದ ಗುಂಡಿಗೆ ಸೇರುವುದನ್ನು ನೀವು ನೋಡಿರುತ್ತೀರಿ. ಆ ನೆನಪಿನಲ್ಲಿ, ಅಲ್ಲಿಯೂ ಎಲ್ಲಕ್ಕಿಂತ ಆಳವಾದ ಕಡೆ ಗಾಳ ಇಳಿಸಬೇಕೆನಿಸುವುದು ಸಹಜ. ಲೆಕ್ಕ ತಪ್ಪುವುದು ಅಲ್ಲೇ. ಬೇಸಿಗೆಯಲ್ಲಿ ಬಾವಿಗೆ ಹಾರಿ ಈಜಿದವರು ನೆನಪಿಸಿಕೊಳ್ಳಿ. ಎದೆಮಟ್ಟಕ್ಕೆ ಬೆಚ್ಚಗಿನ ನೀರು, ಕಾಲು ಇಳಿಬಿಟ್ಟ ಕಡೆ ಕೊರೆಯುವಷ್ಟು ತಣ್ಣಗೆ. ದೊಡ್ಡ ಜಲಾಶಯವೂ ಬೇಸಿಗೆಯಲ್ಲಿ ಹೀಗೇ ಪದರಪದರವಾಗುತ್ತದೆ. ಮೇಲಿನ ಬಿಸಿ ನೀರು ಹಗುರ, ಕೆಳಗಿನ ತಣ್ಣೀರು ಭಾರ. ಎರಡೂ ಬೆರೆಯುವುದಿಲ್ಲ. ಇವುಗಳ ನಡುವೆ ಶಾಖ ಥಟ್ಟನೆ ಇಳಿಯುವ ಪದರಕ್ಕೆ ಥರ್ಮೋಕ್ಲೈನ್ ಎನ್ನುತ್ತಾರೆ. ಅದರ ಕೆಳಗಿನ ನೀರಿಗೆ ಗಾಳಿಯ ಸಂಪರ್ಕವಿಲ್ಲ. ತಳದಲ್ಲಿ ಕೊಳೆಯುವ ಎಲೆ, ಕಡ್ಡಿ ಅಲ್ಲಿದ್ದ ಆಮ್ಲಜನಕವನ್ನೂ ಮುಗಿಸಿಬಿಡುತ್ತವೆ. ಅಲ್ಲಿ ತಂಪಿದೆ, ಉಸಿರಿಲ್ಲ. ಆದ್ದರಿಂದ ಅಲ್ಲಿ ಬ್ಯಾಸ್ ಕೂಡ ಇಲ್ಲ.

ದಕ್ಷಿಣದ ಹಲವು ಜಲಾಶಯಗಳಲ್ಲಿ ಈ ಪದರ ನಡುಬೇಸಿಗೆಯಲ್ಲಿ 15ರಿಂದ 25 ಅಡಿಯ ಆಸುಪಾಸಿನಲ್ಲಿರುತ್ತದೆ. ದೋಣಿಯಲ್ಲಿ ಸೋನಾರ್ ಯಂತ್ರವಿದ್ದರೆ ಅದರ ಪರದೆಯ ಮೇಲೆ ಮಸುಕು ಪಟ್ಟಿಯಾಗಿ ಕಾಣುವುದೂ ಉಂಟು. ಬೆಳಿಗ್ಗೆ ಮೊದಲ ಹತ್ತು ನಿಮಿಷ ಆಳದ ನೀರಿನ ಮೇಲೆ ದೋಣಿ ಓಡಿಸಿ ಆ ಪಟ್ಟಿ ಎಷ್ಟು ಅಡಿಯಲ್ಲಿದೆ ಎಂದು ನೋಡಿಕೊಂಡರೆ, ಅದರ ಕೆಳಗಿನ ಕೆರೆಯನ್ನೆಲ್ಲ ಮರೆತುಬಿಡಬಹುದು.

ಇನ್ನು ಮರೆ. ಜಲಾಶಯ ಎಂದರೆ ಮುಳುಗಿದ ಊರುಸೀಮೆ. ನೀರಿನ ಕೆಳಗೆ ಹಳೆಯ ಹಳ್ಳದ ಪಾತ್ರವಿದೆ, ದಿಣ್ಣೆಯಿದೆ, ರಸ್ತೆಯಿದೆ. ಲೇಕ್ ಫೋರ್ಕ್‌ನಲ್ಲಂತೂ ಕಡಿಯದೆ ಬಿಟ್ಟ ಮರಗಳ ಬೊಡ್ಡೆಗಳು ಬೇಕಾದಷ್ಟಿವೆ. ಹಿಂದಿನ ರಾತ್ರಿ ಮೊಮ್ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಕೆರೆಯ ಆಳದ ಗೆರೆಗಳಿರುವ ನಕ್ಷೆಯನ್ನು ಫೋನಿನಲ್ಲೋ ಕಾಗದದಲ್ಲೋ ತೆರೆಯಿರಿ. ಗೆರೆಗಳು ಒತ್ತೊತ್ತಾಗಿದ್ದರೆ ಅಲ್ಲಿ ಕಡಿದಾದ ಇಳಿಜಾರು. ದಡದ ನೆಲ ನಾಲಗೆಯಂತೆ ನೀರಿನೊಳಗೆ ಚಾಚಿ, ಅದರ ತುದಿಗೆ ಹಳೆಯ ಹಳ್ಳ ಬಂದು ತಾಗುವ ಕಡೆಗಳಿಗೆ ಗುರುತು ಹಾಕಿ. ಹೊಟ್ಟೆಗೆ ಮೇಲೇರಿ ಬರಲು, ಬಿಸಿಲಿಗೆ ಕೆಳಗಿಳಿಯಲು ಮೀನಿಗೆ ಅದೇ ಮೆಟ್ಟಿಲು. ಹೀಗೆ ಐದಾರು ಗುರುತಾದರೆ ಬೆಳಗಿನ ಕೆಲಸಕ್ಕೆ ಸಾಕು.

ದಡದ ಸಮೀಪದ ಮರೆ ಬೇರೆ ಥರದ್ದು. ದೋಣಿ ಕಟ್ಟುವ ಕಟ್ಟೆಗಳ ನೆರಳು, ತಾವರೆ ಜಾತಿಯ ಎಲೆಗಳ ಅಡಿ, ಮತ್ತೆ ಹೈಡ್ರಿಲ್ಲಾ. ಹೌದು, ಶಾಲೆಯಲ್ಲಿ ಗಾಜಿನ ಲೋಟದಲ್ಲಿಟ್ಟು ಬಿಸಿಲಿಗೆ ಗುಳ್ಳೆ ಬರಿಸಿ ತೋರಿಸುತ್ತಿದ್ದರಲ್ಲ, ಅದೇ ಹೈಡ್ರಿಲ್ಲಾ. ನಮ್ಮ ಕಡೆಯ ಈ ಗಿಡ 1950ರ ದಶಕದಲ್ಲಿ ಅಕ್ವೇರಿಯಂ ವ್ಯಾಪಾರದ ಮೂಲಕ ಫ್ಲಾರಿಡಾ ಸೇರಿ, ಅಲ್ಲಿಂದ ಟೆಕ್ಸಾಸ್‌ವರೆಗೂ ಹಬ್ಬಿತು. ಅಲ್ಲಿಯ ಸರ್ಕಾರಕ್ಕೆ ಅದು ಕಳೆ, ಬ್ಯಾಸ್‌ಗೆ ಚಪ್ಪರ. ಆ ಗುಳ್ಳೆಗಳು ಆಮ್ಲಜನಕ, ಚಪ್ಪರದ ಅಡಿ ನೆರಳು, ಒಳಗೆ ಸಣ್ಣ ಮೀನು. ಮೂರೂ ಕೂಡಿದವು. ಸೊಪ್ಪು ಮುಗಿದು ತೆರೆದ ನೀರು ಶುರುವಾಗುವ ಅಂಚಿನಲ್ಲಿ ಗಾಳ ಹಾಕಬೇಕು.

ಹೊತ್ತಿನ ವಿಷಯ. ಬೆಳಕು ಹರಿಯುವ ಮೊದಲೇ ನೀರಿನ ಮೇಲಿರಿ. ಆಗ ಬ್ಯಾಸ್ ಮೇಲೆ ಬಂದು ಬೇಟೆಯಾಡುತ್ತದೆ. ನೀರಿನ ಮೇಲೆ ಸದ್ದು ಮಾಡುತ್ತಾ ಬರುವ ಕೃತಕ ಕಪ್ಪೆ ಎಸೆಯುವ ಕಾಲ ಅದು. ಸಣ್ಣ ಮೀನಿನ ಹಿಂಡು ಚಿಮ್ಮುವುದು, ಹಕ್ಕಿ ಎರಗುವುದು ಕಂಡರೆ ನಕ್ಷೆ ಮಡಚಿಟ್ಟು ಅತ್ತ ಹೋಗಿ. ಬಿಸಿಲೇರಿದ ಮೇಲೆ ನೆರಳಿನ ಅಂಚಿಗೆ, ಆಮೇಲೆ ನೀವು ಗುರುತು ಹಾಕಿದ ಇಳಿಜಾರುಗಳಿಗೆ. ಗಾಳಿ ಬೀಸಿ ಅಲೆ ಬಡಿಯುವ ದಡವನ್ನು ಬಿಡಬೇಡಿ. ಗಾಳಿ ಸಣ್ಣ ಮೀನಿನ ಆಹಾರವನ್ನು ಅತ್ತಲೇ ತಳ್ಳುತ್ತದೆ.

ಒಂದೇ ಎರೆ ಒಯ್ಯುವುದಾದರೆ ಏಳು ಇಂಚಿನ ಪ್ಲಾಸ್ಟಿಕ್ ಎರೆಹುಳು ಸಾಕು. ದಾರಕ್ಕೆ ಗುಂಡಿನಾಕಾರದ ಸೀಸದ ತೂಕ ಪೋಣಿಸಿ, ಕೊಕ್ಕೆ ಕಟ್ಟಿ, ಕೊಕ್ಕೆಯ ಮೊನೆಯನ್ನು ಹುಳುವಿನ ಮೈಯೊಳಗೇ ಹುದುಗಿಸಿಡುತ್ತಾರೆ. ಇದಕ್ಕೆ ಟೆಕ್ಸಾಸ್ ರಿಗ್ ಎಂದು ಹೆಸರು. ಮೊನೆ ಹೊರಗಿಲ್ಲದ ಕಾರಣ ಸೊಪ್ಪಿಗೂ ಬೊಡ್ಡೆಗೂ ಸಿಕ್ಕಿಕೊಳ್ಳುವುದು ಕಡಿಮೆ. ಎಸೆದು, ತಳ ಮುಟ್ಟಲು ಬಿಟ್ಟು, ಕೋಲನ್ನು ಮೆಲ್ಲಗೆ ಎತ್ತಿ ಮತ್ತೆ ಇಳಿಸಿ. ಹೆಚ್ಚಿನ ಮೀನು ಕಚ್ಚುವುದು ಹುಳು ಇಳಿಯುವಾಗ. ಬೆಂಡು ಮುಳುಗುವುದನ್ನು ಕಾಯುವ ನಮ್ಮ ಕ್ರಮ ಇಲ್ಲಿಲ್ಲ. ಬೆರಳ ತುದಿಗೆ ಒಂದು ಸಣ್ಣ ತಟ್ಟು ತಿಳಿಯುತ್ತದೆ, ಇಲ್ಲವೆ ದಾರ ಪಕ್ಕಕ್ಕೆ ಸರಿಯುತ್ತದೆ. ಆಗ ಸಡಿಲ ದಾರ ಸುತ್ತಿಕೊಂಡು ಗಟ್ಟಿಯಾಗಿ ಎಳೆಯಿರಿ. ಒಂದು ಜಾಗದಲ್ಲಿ ಇಪ್ಪತ್ತು ನಿಮಿಷ ಏನೂ ತಟ್ಟದಿದ್ದರೆ ಮುಂದಿನ ಗುರುತಿಗೆ ಹೋಗಿ.

ಮೀನು ಬಂತು ಎನ್ನಿ. ಈಗ ಅದರ ಪ್ರಾಣ ನಿಮ್ಮ ಕೈಯಲ್ಲಿ. ನೀರು ಬಿಸಿಯಾದಷ್ಟೂ ಆಮ್ಲಜನಕ ಕಡಿಮೆ. 15 ಡಿಗ್ರಿಯ ನೀರು ಲೀಟರಿಗೆ ಸುಮಾರು 10 ಮಿಲಿಗ್ರಾಂ ಹಿಡಿದಿಟ್ಟುಕೊಂಡರೆ, 30 ಡಿಗ್ರಿಯದು ಹಿಡಿಯುವುದು ಏಳೂವರೆಯಷ್ಟೆ. ಹೋರಾಡಿ ಸುಸ್ತಾದ ಮೀನಿಗೆ ಇದು ದೊಡ್ಡ ವ್ಯತ್ಯಾಸ. ಆಟವಾಡಿಸದೆ ಬೇಗ ಎಳೆದುಕೊಳ್ಳಿ. ಕೈ ಒದ್ದೆ ಮಾಡಿಕೊಂಡು ಕೆಳದವಡೆ ಹಿಡಿಯಿರಿ, ದೊಡ್ಡದಾದರೆ ಹೊಟ್ಟೆಗೆ ಇನ್ನೊಂದು ಕೈ ಆಸರೆ ಕೊಡಿ. ಹಲ್ಲು ಮರಳುಕಾಗದದಂತೆ ತರಿತರಿ ಅಷ್ಟೆ, ಮೊಮ್ಮಗನೂ ಹಿಡಿಯಬಹುದು. ನೀವು ಉಸಿರು ಬಿಗಿಹಿಡಿಯಬಲ್ಲಷ್ಟು ಹೊತ್ತಿನಲ್ಲಿ ಫೋಟೋ ಮುಗಿಸಿ ನೀರಿಗೆ ಬಿಟ್ಟುಬಿಡಿ.

ಬಿಡುವುದು ಎಷ್ಟೋ ಕಡೆ ಕಾನೂನು ಕೂಡ. ಲೇಕ್ ಫೋರ್ಕ್‌ನಲ್ಲಿ 16ರಿಂದ 24 ಇಂಚಿನ ನಡುವಿನ ಬ್ಯಾಸ್ ಇಟ್ಟುಕೊಳ್ಳುವಂತಿಲ್ಲ. ಮೊಟ್ಟೆಯಿಡುವ ದೊಡ್ಡ ಮೀನು ಉಳಿಯಲಿ ಎಂದು ಈ ನಿಯಮ. ಒಂದೊಂದು ಕೆರೆಗೆ ಒಂದೊಂದು ಅಳತೆಯಿರುವುದರಿಂದ ಹೊರಡುವ ಮುನ್ನ ಆ ವರ್ಷದ ನಿಯಮ ನೋಡಿಕೊಳ್ಳಿ. ಅಡುಗೆಗೆ ಒಯ್ಯುವವರು ಆರೋಗ್ಯ ಇಲಾಖೆಯ ಸೂಚನೆಯನ್ನೂ ಓದಬೇಕು. ಕೆಲವು ಕೆರೆಗಳ ದೊಡ್ಡ ಬ್ಯಾಸ್‌ನಲ್ಲಿ ಪಾದರಸ ಸೇರಿರುತ್ತದೆ.

ಲೈಸೆನ್ಸ್ ಮರೆಯಬೇಡಿ. ಟೆಕ್ಸಾಸ್‌ನಲ್ಲಿ 17, ಕ್ಯಾಲಿಫೋರ್ನಿಯಾದಲ್ಲಿ 16 ವರ್ಷ ತುಂಬಿದವರಿಗೆ ಅದು ಬೇಕು. ಪ್ರವಾಸಿಗಳಿಗೆಂದು ಒಂದು ದಿನದ ಲೈಸೆನ್ಸ್ ಕೂಡ ಸಿಗುತ್ತದೆ. ದೋಣಿಯಲ್ಲಿ ಎಲ್ಲರೂ ಲೈಫ್ ಜಾಕೆಟ್ ಹಾಕಿಕೊಳ್ಳಿ. ಕುಡಿಯುವ ನೀರು, ಟೋಪಿ ಇರಲಿ. ಹತ್ತೂವರೆ ಹನ್ನೊಂದಕ್ಕೆಲ್ಲ ದಡ ಸೇರಿಬಿಡಿ.

ದೋಣಿಯಲ್ಲಿ ನಾಲ್ಕೈದು ಗಂಟೆ ಕೂತಿರುತ್ತೀರಿ. ಟಿವಿ ಇಲ್ಲ, ಶಾಲೆಯ ಅವಸರವಿಲ್ಲ. ಗಾಳ, ಎರೆ, ಕಿವಿರು, ತೂಬು ಎಂಬ ಮಾತುಗಳನ್ನು ಮೊಮ್ಮಗನಿಗೆ ಹೇಳಿಕೊಡಲು ಇದಕ್ಕಿಂತ ಒಳ್ಳೆಯ ಪಾಠಶಾಲೆ ಸಿಗುವುದು ಕಷ್ಟ. ಕೈಯಲ್ಲಿ ಹಿಡಿದ ವಸ್ತುವಿನ ಹೆಸರು ಮಕ್ಕಳಿಗೆ ಬೇಗ ಮರೆಯುವುದಿಲ್ಲ.

ಹೋಗಿ ಬನ್ನಿ. ಸೆಪ್ಟೆಂಬರ್‌ನಲ್ಲಿ ಮತ್ತೆ ಕೇಳೋಣ, ಹೇಳೋಣ. ನಮಸ್ಕಾರ.