ಎರೆಯ ಬಣ್ಣ

ಕಲಬುರಗಿಯ ಸೂಪರ್ ಮಾರ್ಕೆಟ್ಟು ಹೆಸರಿನಿಂದ ಒಂದು ಅಂಗಡಿಯೆಂಬ ಭ್ರಮೆಯನ್ನು ಹುಟ್ಟಿಸಿದರೂ ನಿಜವಾಗಿ ಅದೊಂದು ಪೇಟೆ. ಸಂಜೆಯ ಹೊತ್ತು ಅಲ್ಲಿ ಸೈಕಲ್ಲು ನಡೆಸುವುದು ಸಾಹಸವೇ ಸರಿ. ಬೆಳಗಿನ ಐದೂವರೆಗೆ ಮಾತ್ರ ಅದು ನಮ್ಮಂಥವರದು. ರವಿವಾರಗಳಂದು ಅಲ್ಲಿ ಒಂದು ಚಹಾ ಕುಡಿದು, ಕೊರಳಿಗೆ ಕ್ಯಾಮೆರಾ ಹಾಕಿಕೊಂಡು, ಹುಮನಾಬಾದ್ ರಸ್ತೆ ಹಿಡಿಯುವುದು ನನ್ನ ರೂಢಿ. ಮಹಾಗಾಂವ ಕ್ರಾಸ್ ದಾಟಿ ಕಮಲಾಪುರ ಮುಟ್ಟಲು ಸುಮಾರು 35 ಕಿಲೋಮೀಟರು.

ಚಿತ್ರ ತೆಗೆಯಲು ಈ ಬಯಲಿನಲ್ಲಿ ಏನಿದೆಯೆಂದು ಮಿತ್ರರು ನಗುವುದುಂಟು. ಅವರನ್ನು ದೂರಲಾರೆ. ಕುವೆಂಪು ಅವರ ಮಲೆನಾಡನ್ನೂ ಬೇಂದ್ರೆಯವರ ಶ್ರಾವಣವನ್ನೂ ಓದಿ ಬೆಳೆದ ನಮಗೆ ಚೆಲುವೆಂದರೆ ಹಸುರು, ಚೆಲುವೆಂದರೆ ನೀರು. ಮೇ ತಿಂಗಳ ಎರೆಭೂಮಿಯಲ್ಲಿ ಇವೆರಡೂ ಇಲ್ಲ. ದಿಗಂತದವರೆಗೆ ಬೆತ್ತಲೆ ಹೊಲ. ನಡುವೆ ಎಲ್ಲಿಯೋ ಒಂದು ಜಾಲಿಯ ಗಿಡ.

2022ರ ಬೇಸಿಗೆಯಲ್ಲಿ ನಾನು ತೆಗೆದ ಮೊದಲ ಚಿತ್ರಗಳು ಬೂದಿ ಬಳಿದಂತೆ ಬಂದವು. ಕಾರಣ ತಿಳಿಯಲು ಕೆಲವು ವಾರ ಹಿಡಿಯಿತು. ಕ್ಯಾಮೆರಾದ ಬೆಳಕಿನಳತೆಯು ತನ್ನೆದುರಿನ ಲೋಕ ಕಪ್ಪೂ ಅಲ್ಲ, ಬಿಳಿಯೂ ಅಲ್ಲ, ನಡುವಣ ಬೂದು ಎಂದೇ ನಂಬಿ ಲೆಕ್ಕ ಹಾಕುತ್ತದೆ. ಕರಿಯ ಮಣ್ಣನ್ನು ತೋರಿಸಿದರೆ, ಬೆಳಕು ಸಾಲದೆಂದು ಬಗೆದು, ಹೆಚ್ಚು ಬೆಳಕನ್ನು ಒಳಬಿಟ್ಟು ಅದನ್ನು ಪೇಲವಗೊಳಿಸುತ್ತದೆ. ಅಳತೆಯನ್ನು ಬೇಕೆಂದೇ ಎರಡು ಮೆಟ್ಟಿಲು ತಗ್ಗಿಸಿದೆ. ಆಗ ಎರೆಯು ಎರೆಯಾಗಿಯೇ ಬಂತು. ಇಳಿಬಿಸಿಲಿನಲ್ಲಿ ಬಿರುಕುಗಳ ಒಂದು ಅಂಚು ಹೊಳೆದು ಇನ್ನೊಂದು ಅಂಚು ಕತ್ತಲಲ್ಲಿ ಮುಳುಗಿ, ಹೊಲವೆಲ್ಲ ಯಾರೋ ಕೊರೆದ ಕಲ್ಲಿನಂತೆ ಕಂಡಿತು. ಕಲ್ಲು ಎಂದದ್ದು ಸುಳ್ಳೂ ಅಲ್ಲ. ಆರೂವರೆ ಕೋಟಿ ವರ್ಷಗಳ ಹಿಂದೆ ದಖ್ಖನ್ನಿನ ಮೇಲೆ ಹರಿದ ಲಾವಾ ಕಲ್ಲಾಗಿ, ಆ ಕಲ್ಲು ಕರಗಿ ಆದ ಮಣ್ಣು ಇದು.

ಮಹಾಗಾಂವ ದಾಟಿದ ಮೇಲೆ ರಸ್ತೆ ಬದಿಯ ಹೊಲದಲ್ಲಿ ಒಬ್ಬ ಹಿರಿಯರ ಪರಿಚಯವಾಯಿತು. ಬಿರುಕಿನ ಮುಂದೆ ಮೊಣಕಾಲೂರಿದ್ದ ನನ್ನನ್ನು ಕಂಡು, "ಏನ್ ಕಳಕೊಂಡೀ ತಮ್ಮಾ?" ಎಂದು ಕೇಳಿದರು. ಭೂಮಿ ಹೀಗೆ ಬಾಯಿ ಬಿಟ್ಟದ್ದು ಕಂಡು ಮರುಕವಾಗುತ್ತದೆ ಎಂದೆ. ಅವರು ನಕ್ಕರು. "ಬಾಯಿ ಬಿಡಲಿ ಬಿಡು. ಬಿಟ್ಟರೇ ಛಲೋ. ಅದು ತನ್ನ ತಾನೇ ಹರಗತದ."

ಮಾತು ಸರಿ. ಒಣಗಿದಾಗ ಕುಗ್ಗಿ ಬಿರಿಯುವ ಈ ಮಣ್ಣಿನ ಮೇಲ್ಪದರ ಬಿರುಕಿನೊಳಕ್ಕೆ ಉದುರುತ್ತದೆ; ಮಳೆ ಬಂದಾಗ ಹಿಗ್ಗಿ ಮೇಲುಕೆಳಗಾಗುತ್ತದೆ. ನಾನು ಮರುಕಪಟ್ಟ ಗಾಯವು ಒಂದು ಬಗೆಯ ಉಳುಮೆಯಾಗಿತ್ತು.

ಮಳೆಗಾಲ ಕಳೆಯಿತು. ಡಿಸೆಂಬರಿನಲ್ಲಿ ಮತ್ತೆ ಆ ದಾರಿ. ಕಮಲಾಪುರದಲ್ಲಿ, ಆ ಊರಿಗೆ ಹೆಸರು ತಂದ ಕೆಂಪು ಬಾಳೆಹಣ್ಣನ್ನು ಕೊಂಡು ಹಿಂದಿರುಗುತ್ತಿದ್ದೆ. ತುಸು ದುಬಾರಿ, ಆದರೂ ಕೊಳ್ಳದೆ ಬರಲು ಮನಸ್ಸಾಗದು. ಕಾಕಾ ಅವರ ಹೊಲದ ಬಳಿ ಸೈಕಲ್ಲು ತಾನಾಗಿಯೇ ನಿಂತಿತು. ಎದೆಮಟ್ಟ ನಿಂತ ತೊಗರಿ ಬಿಸಿಲಿಗೆ ಕಂಚಿನಂತೆ, ಅಲ್ಲಲ್ಲಿ ಬಂಗಾರದಂತೆ ಹೊಳೆಯುತ್ತಿತ್ತು. ಕೆಳಗೆ ಅದೇ ಕಪ್ಪು ನೆಲ. ಇಷ್ಟು ದಿನ ಹುಡುಕಿದ್ದು ಇದನ್ನೇ ಎಂದುಕೊಂಡು ಹತ್ತು-ಹನ್ನೆರಡು ಚಿತ್ರ ತೆಗೆದೆ. ಕಾಕಾ ಬದುವಿನ ಮೇಲೆ ಕುಳಿತಿದ್ದರು. "ಭಾಳ ಛಂದ ಕಾಣಸ್ತದ ಕಾಕಾ" ಎಂದೆ.

"ನೆಟಿ ಹೊಡದದ ತಮ್ಮಾ."

ನೆಟೆ ರೋಗ. ಮಣ್ಣಿನಲ್ಲಿ ವರ್ಷಗಟ್ಟಲೆ ಅಡಗಿರುವ ಶಿಲೀಂಧ್ರವೊಂದು ಬೇರಿನಿಂದ ಹೊಕ್ಕು, ನೀರು ಏರುವ ನಾಳಗಳನ್ನು ಕಟ್ಟಿಬಿಡುತ್ತದೆ. ಗಿಡ ಬೀಳುವುದಿಲ್ಲ, ನಿಂತಲ್ಲೇ ಒಣಗುತ್ತದೆ. ಆ ವರ್ಷ ಕಲಬುರಗಿ ಜಿಲ್ಲೆಯ ತೊಗರಿಗೆ ಅದು ವ್ಯಾಪಕವಾಗಿ ತಗುಲಿತ್ತು. ಪತ್ರಿಕೆಯಲ್ಲಿ ಓದಿದ್ದೆ. ಓದಿದ್ದ ನನಗೆ ಕಣ್ಣೆದುರು ನಿಂತಾಗ ಗುರುತು ಹತ್ತಲಿಲ್ಲ. ಕಾಯಿಯೊಂದನ್ನು ಸುಲಿದು ಅಂಗೈಗೆ ಹಾಕಿದರು. ಕಾಳು ಮುರುಟಿತ್ತು.

ಕ್ಯಾಮೆರಾವನ್ನು ಚೀಲಕ್ಕೆ ಸೇರಿಸಿದೆ. ಕ್ಷಮೆ ಕೇಳಬೇಕೆನಿಸಿತು, ಯಾವುದಕ್ಕೆಂದು ಹೇಳುವುದು? ಅವರೇ ಮಾತನಾಡಿದರು. "ತಗದೀ ಅಲ್ಲ, ಅದರಾಗ ಎರಡು ನನಗ ಕೊಡು. ಪರಿಹಾರದ ಅರ್ಜಿ ಸಂಗಾಟ ಹಚ್ಚಲಾಕ ಬರ್ತದ."

ಅದೇ ವಾರ ಸೂಪರ್ ಮಾರ್ಕೆಟ್ಟಿನ ಅಂಗಡಿಯೊಂದರಲ್ಲಿ ಮುದ್ರಿಸಿದೆ. ಬಂಗಾರದ ಬಣ್ಣ ಎದ್ದು ಕಾಣುವಂಥವನ್ನು ಬಿಟ್ಟು, ಒಣಗಿದ ಎಲೆ, ಕಾಂಡ ಸ್ಪಷ್ಟವಾಗಿರುವ ನಾಲ್ಕನ್ನು ಆರಿಸಿದೆ. ರವಿವಾರ ಒಯ್ದು ಕೊಟ್ಟಾಗ ಕಾಕಾ ಅವನ್ನು ಒಂದೊಂದಾಗಿ ಬಿಸಿಲಿಗೆ ಹಿಡಿದು ನೋಡಿದರು. ಮೂರನ್ನು ಅರ್ಜಿಯ ಕಾಗದಗಳ ನಡುವೆ ಇಟ್ಟರು. ನಾಲ್ಕನೆಯದನ್ನು ಮೊಮ್ಮಗಳ ಕೈಗೆ ಕೊಟ್ಟು, ಮನೆಯ ಗೋಡೆಗೆ ಹಚ್ಚಲು ಹೇಳಿದರು.